ಭಾವನವರ ಗಂಟಲು ಕಟ್ಟಿದ ದಿನ

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ನಮ್ಮವರು ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಉಂಗುಟ ಕಿತ್ತುಹೋದ ಚಪ್ಪಲಿ ಹಿಡಿದುಕೊಂಡು ಸಾಗರದ ಮೊದಲ ಬಸ್ಸಿಗೆ ಓಡಿದರು. ಅವರಿಗೆ ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನಾನು ಬೆಕ್ಕಿಗೆ ಹಾಲು ಹಾಕಿದೆ. ಅದು ಕುಡಿದು ಮುಗಿಸಿದ ಮೇಲೆ ಅಭ್ಯಾಸಬಲದಿಂದ ಅದಕ್ಕೂ ಒಂದು "ಥ್ಯಾಂಕ್ಯೂ" ಹೇಳಿ ತಟ್ಟೆ ಎತ್ತಿಟ್ಟೆ. ಮಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವರ ಹಣೆಬರಹವೇ ಅಷ್ಟು! ಆಮೇಲೆ ಭಾವನವರ ಲೋಟಕ್ಕೆ ಕಾಫಿ ಬಗ್ಗಿಸಿ, ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, ಮರೆಗೆ ಸರಿದು ಬಳೆ ಸದ್ದು ಮಾಡಿದೆ. ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುವ ರೂಢಿ ಆಗ ನಮ್ಮಲ್ಲಿ ಇರಲಿಲ್ಲ. ಬಳೆ ಸದ್ದಾದರೆ ಕಾಫಿ ಬಂತೆಂದು ಅರ್ಥ. ಲೋಟ ಸದ್ದಾದರೆ ಕಾಫಿ ಮುಗಿಯಿತೆಂದು ಅರ್ಥ.

ಅವತ್ತು ಲೋಟ ಸದ್ದಾಗಲಿಲ್ಲ. ಬದಲಿಗೆ ಹಳೇ ಸೈಕಲ್ ಪಂಪಿನಿಂದ ಗಾಳಿ ಹೋದಂಥ ಒಂದು "ಹಸ್ಸ್" ಕೇಳಿತು. ಬಗ್ಗಿ ನೋಡಿದರೆ ಭಾವನವರು ಬಾಯಿ ತೆರೆದು, ಕತ್ತು ಹಿಡಿದುಕೊಂಡು, ಗೋಡೆಯ ಕ್ಯಾಲೆಂಡರಿನ ದೇವರಿಗೆ ಏನೋ ಹೇಳಲು ಹೆಣಗುತ್ತಿದ್ದಾರೆ!

ಗಂಟಲು ಕಟ್ಟಿಹೋಗಿತ್ತು. ಬೇರೆ ಯಾರದ್ದಾದರೂ ಆಗಿದ್ದರೆ ಒಂದು ಲೋಟ ಕಾಳುಮೆಣಸಿನ ಕಷಾಯ ಕುಡಿಸಿ ಮಲಗಿಸಬಹುದಿತ್ತು. ಆದರೆ ನಮ್ಮ ಭಾವನವರ ಬಾಯೊಳಗೆ ಇದ್ದದ್ದು ಒಂದೇ ನಾಲಿಗೆಯೇ? ಕಡಿಮೆಯೆಂದರೂ ನಾಲ್ಕೈದು! ಅಷ್ಟೂ ಒಟ್ಟಿಗೆ ಕೈಕೊಟ್ಟಿದ್ದವು. ಅದೂ ಎಂಥ ದಿನ ನೋಡಿ!

ಭಾವನವರು ಅಣೆಕಟ್ಟಿನ ಪ್ರಾಜೆಕ್ಟಿನಲ್ಲಿ ಭಾರ ಎತ್ತುವ ಗ್ಯಾಂಗಿನ ಫೋರ್‌ಮನ್. ಲಿಂಗನಮಕ್ಕಿಯ ಕಡೆ ಹೋಗುವ ಭಾರಿ ಸಾಮಾನನ್ನು ಲಾರಿಯಿಂದ ಇಳಿಸುವುದು, ಎತ್ತುವುದು, ಕೂರಿಸುವುದು ಇವರ ಕೆಲಸ. ಅವರಿಗೆ ಪ್ರಾಜೆಕ್ಟು ಕೊಟ್ಟ ಕಾಲೊನಿಯ ಮನೆಯಲ್ಲೇ ನಾವೆಲ್ಲ ಇದ್ದೆವು. ಭಾವನವರಿಗೆ ಮದುವೆಯಾಗಿರಲಿಲ್ಲ. ಅವರ ಸಂಸಾರವೆಂದರೆ ಗ್ಯಾಂಗಿನ ನಾಲ್ಕು ಜನ. ಸಂಜೆ ನಮ್ಮವರ ಎದುರಿಗೆ ಕೂತು ಮೆಲ್ಲಗೆ ಆ ನಾಲ್ವರ ಕಥೆ ಹೇಳುತ್ತಿದ್ದರು. ನಾನು ಒಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಹೀಗಾಗಿ ಒಬ್ಬರ ಮುಖವನ್ನೂ ಸರಿಯಾಗಿ ನೋಡದೆಯೇ ನಾಲ್ವರೂ ನನಗೆ ಅಂಗೈ ಗೆರೆಯಷ್ಟು ಪರಿಚಿತರಾಗಿದ್ದರು.

ಮೊದಲನೆಯವನು ಪಳನಿ, ಸೇಲಂ ಕಡೆಯವನು. ಕೈಯಿಂದ ತಿರುಗಿಸುವ ವಿಂಚಿನ ಮೇಲೆ ಹಗ್ಗ ಸುತ್ತಿ ಭಾರ ಎಳೆಯುವುದು ಅವನ ಕೆಲಸ. ಅವನಿಗೆ ಬೈಗುಳವೇ ಬೇಕು! ಬೈದರೆ ಹಿಡಿಕೆ ಗರಗರ ತಿರುಗುತ್ತದೆ. ಮರ್ಯಾದೆ ಕೊಟ್ಟರೆ ಕೈಕಾಲು ಸೋತುಹೋಗುತ್ತದೆ. ಒಮ್ಮೆ ಭಾವನವರು ಯಾವುದೋ ಖುಷಿಯಲ್ಲಿದ್ದವರು ಮೈಮರೆತು "ಊಟ ಆಯ್ತೇನಪ್ಪಾ ಪಳನಿ?" ಎಂದು ಕೇಳಿಬಿಟ್ಟರಂತೆ. ಪಳನಿ ಮರುದಿನ ಕೆಲಸಕ್ಕೇ ಬರಲಿಲ್ಲ. ಹುಡುಕಿಕೊಂಡು ಹೋದರೆ ಟ್ರಂಕು ಕಟ್ಟಿ ಇಟ್ಟುಕೊಂಡು ಕೂತಿದ್ದಾನೆ! "ಸಾರ್ ಊಟ ಕೇಳಿದ್ರು, ಇನ್ನು ನನ್ನ ಕೆಲಸ ಹೋಯ್ತು!" ಭಾವನವರು ಬಾಗಿಲಲ್ಲೇ ನಿಂತು ಅವನ ಟ್ರಂಕಿನಿಂದ ಹಿಡಿದು ಅವನ ಮೀಸೆಯ ತನಕ ಒಂದೂ ಬಿಡದೆ ಬೈದರು. ಅವನು ಕಣ್ಣೊರೆಸಿಕೊಂಡು, ನಗುತ್ತ, ಹಿಂದೆಯೇ ಬಂದನಂತೆ.

ಎರಡನೆಯವನು ಹೊಸನಗರದ ಕಡೆಯ ಹೂವಪ್ಪ. ಅಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವನು ಇಲ್ಲಿ ಹಗ್ಗ ಹಿಡಿಯಲು ಬಂದಿದ್ದ. ಅವನಿಗೆ ಹೀಗೆ ಮಾಡು, ಹಾಗೆ ಮಾಡು ಎನ್ನುವಂತಿಲ್ಲ. ಮೊದಲು ಎಮ್ಮೆಯ ಆರೋಗ್ಯ, ಆಮೇಲೆ ಅವ್ವನ ಕಾಲುನೋವು, ಆಮೇಲೆ ಆ ವರ್ಷದ ಸಸಿ. ಅಷ್ಟಾದ ಮೇಲೆ "ಹೂವಪ್ಪಾ, ನಿಂಗೆ ಎಂತ ಕಾಣ್ತದೆ, ಈ ಹಗ್ಗ ಎಳೆದ್ರೆ ಒಳ್ಳೇದಾ?" ಎಂದು ಸಲಹೆ ಕೇಳಬೇಕು.

ಮೂರನೆಯವನು ತೀರ್ಥಹಳ್ಳಿಯ ತಿಮ್ಮಪ್ಪ. ಮೇಲೆ ಹತ್ತಿ ಭಾರವನ್ನು ಜಾಗಕ್ಕೆ ಕೂರಿಸುವವನು. ಎಡಕ್ಕೆ ಎಂದರೆ ಬಲಕ್ಕೆ, ಬಲಕ್ಕೆ ಎಂದರೆ ಎಡಕ್ಕೆ! ಭಾವನವರು ಅವನಿಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. ಅವನಿಗೆ ಕೇಳಿಸುವಷ್ಟು ದೂರದಲ್ಲಿ ನಿಂತು, ಪಕ್ಕದ ಲೈಟು ಕಂಬಕ್ಕೆ ಹೇಳುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಫೋರ್‌ಮನ್‌ಗೆ ತಲೆ ಕೆಟ್ಟಿದೆ ಎಂದುಕೊಂಡದ್ದರಲ್ಲಿ ಅವರದ್ದೇನು ತಪ್ಪು?

ನಾಲ್ಕನೆಯವನು ಕೇರಳದ ಕುಟ್ಟಿ. ಮಾತು ಹೆಚ್ಚಾದಷ್ಟೂ ಅವನಿಗೆ ಗಲಿಬಿಲಿ. ಅವನಿಗೆ ಬೆರಳು ಸಾಕು. ಒಂದು ಬೆರಳೆತ್ತಿದರೆ ಎಳೆ, ಮಡಚಿದರೆ ಬಿಡು.

"ನಾಲ್ಕು ನಮೂನೆ ನಟ್ಟು ಇಟ್ಕೊಂಡು, ಸ್ಪ್ಯಾನರ್ ಒಂದೇ ಇದ್ರೆ ಎಂತ ಮಾಡದು ಹೇಳು?" ಎನ್ನುತ್ತಿದ್ದರು ಭಾವನವರು. ಅದು ಅವರ ಸಿದ್ಧಾಂತ. ಆದರೆ ಹೊಸದಾಗಿ ಬಂದ ಆಫೀಸರಿಗೆ ಇದು ದೊಡ್ಡ ನಾಟಕದಂತೆ ಕಂಡಿತು. ಪಾಪ, ಕೆಟ್ಟವರೇನಲ್ಲ. ಗಂಜಿ ಹಾಕಿದ ಪ್ಯಾಂಟಿನ, ಕನ್ನಡಕದ, ಇನ್ನೂ ಮೀಸೆ ಸರಿಯಾಗಿ ಮೂಡದ ಯುವಕರು. ಎಲ್ಲರಿಗೂ ಒಂದೇ ರೀತಿ, ಬರವಣಿಗೆಯಲ್ಲೇ ಆಜ್ಞೆ ಹೋಗಬೇಕು ಎಂದು ಅವರ ಹಟ. ಒಂದು ದಿನ ನಾಲ್ವರಿಗೂ ಒಂದೊಂದು ಚೀಟಿ ಕೊಟ್ಟರಂತೆ: "ಸದರಿ ಹಗ್ಗವನ್ನು ಬಿಗಿಗೊಳಿಸತಕ್ಕದ್ದು."

ಏನಾಗಬೇಕು? ಕನ್ನಡ ಓದಲು ಬಾರದ ಪಳನಿ, ಮೊಹರು ನೋಡಿದವನೇ ಇದು ಕೆಲಸದಿಂದ ತೆಗೆದ ಕಾಗದವೆಂದು ಮರದಡಿ ಕೂತು ಅತ್ತ. ಹೂವಪ್ಪ, "ಇಷ್ಟು ದೊಡ್ಡ ಇಚಾರ ನಾನೊಬ್ನೇ ಹೆಂಗೆ ತೀರ್ಮಾನ ಮಾಡ್ಲಿ? ಮನೇಲಿ ಕೇಳ್ಕಂಡು ಬರ್ತೀನಿ" ಎಂದು ಹೊಸನಗರದ ಬಸ್ಸು ಹತ್ತಿದ. ತಿಮ್ಮಪ್ಪ ಚೀಟಿ ಓದಿ, ಬಿಗಿಯಾಗಿಯೇ ಇದ್ದ ಹಗ್ಗವನ್ನು ಹೋಗಿ ಸಡಿಲ ಮಾಡಿದ. ಕುಟ್ಟಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಸಾಮಾನಿನ ಪೆಟ್ಟಿಗೆಯ ಕೆಳಗೆ ಸಿಕ್ಕಿಸಿ, ಆಫೀಸರನ್ನು ನೋಡಿ ಮೆಚ್ಚುಗೆಯಿಂದ ತಲೆದೂಗಿದ!

ಆಫೀಸರ ಮುಖ ಕೆಂಪಾಯಿತು. "ಇವ್ರನ್ನ ಹಾಳು ಮಾಡಿದ್ದೇ ನೀವು. ಗುರುವಾರ ಕಾಲೊನಿಯ ನೀರಿನ ಟ್ಯಾಂಕು ಸಂಜೆಯೊಳಗೆ ಸ್ಟ್ಯಾಂಡಿನ ಮೇಲೆ ಕೂರಬೇಕು. ಕೂರದೇ ಇದ್ರೆ ಈ ಗ್ಯಾಂಗನ್ನ ಒಡೆದು ಒಬ್ಬೊಬ್ಬನನ್ನ ಒಂದೊಂದು ಸೆಕ್ಷನ್ನಿಗೆ ಹಾಕ್ತೀನಿ" ಎಂದರಂತೆ.

ಆ ಸಂಜೆ ಭಾವನವರು ಅನ್ನ ಕಲಸಿದರು, ತಿನ್ನಲಿಲ್ಲ. ತಮ್ಮನ ಮುಖ ನೋಡಿ, "ಅಲ್ಲ ಮಾರಾಯ, ಬೇರೆ ಸೆಕ್ಷನ್ನಲ್ಲಿ ಪಳನೀನ ಸರಿಯಾಗಿ ಬೈಯೋರು ಯಾರಿದಾರೆ?" ಎಂದು ಕೇಳಿದರು. ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ. ಭಾವನವರ ಕೈ ತಟ್ಟೆಯ ಅಂಚಿನಲ್ಲಿ ಒಂದೇ ಅಗುಳನ್ನು ಅತ್ತಿಂದಿತ್ತ ತಳ್ಳುತ್ತಿತ್ತು.

ಬುಧವಾರ ಟ್ಯಾಂಕು ಲಾರಿಯಲ್ಲಿ ಬಂತು. ಅದನ್ನು ಇಳಿಸುವಾಗ ಪಳನಿಯ ಹುಮ್ಮಸ್ಸು ಕಡಿಮೆಯಾಗದಿರಲೆಂದು ಭಾವನವರು ಮಧ್ಯಾಹ್ನದಿಂದ ಸಂಜೆಯವರೆಗೆ ಧಾರಾಳವಾಗಿ ಬೈದರು. ಗುರುವಾರ ಬೆಳಿಗ್ಗೆ, ಮೊದಲೇ ಹೇಳಿದೆನಲ್ಲ, ಹಸ್ಸ್!

ಸ್ಟೂಲಿನ ಮೇಲೆ ಕಷಾಯ ಇಟ್ಟು ಬಳೆ ಸದ್ದು ಮಾಡಿದೆ. ಅರಿಸಿನ ಹಾಕಿದ ಹಾಲು ಇಟ್ಟೆ. ಪಕ್ಕದ ಮನೆಯ ರುಕ್ಮಿಣಮ್ಮ ಜೇನುತುಪ್ಪ ತಂದುಕೊಟ್ಟು, ಇಕ್ಕೇರಿ ಅಘೋರೇಶ್ವರನಿಗೆ ಒಂದು ಕಾಯಿಯನ್ನೂ ಹೇಳಿಕೊಂಡರು. ಯಾವುದಕ್ಕೂ ಭಾವನವರ ಗಂಟಲು ಬಗ್ಗಲಿಲ್ಲ. ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹೊರಟೇಬಿಟ್ಟರು. ಹೋಗುವುದಾದರೂ ಎಷ್ಟು ದೂರ? ಟ್ಯಾಂಕಿನ ಕಲ್ಲುಕಂಬದ ಸ್ಟ್ಯಾಂಡು ಇದ್ದದ್ದು ನಮ್ಮ ಸಾಲಿನ ಮನೆಗಳ ಎದುರಿಗೇ. ಕಾಲೊನಿಯ ಹೆಂಗಸರೆಲ್ಲ ಬೇಲಿಯ ಪಕ್ಕ ನೆರೆದಿದ್ದರು. ನಲ್ಲಿಯಲ್ಲಿ ನೀರು ಬರುವ ಆಸೆ ಒಂದು ಕಡೆ, ಪುಕ್ಕಟೆ ತಮಾಷೆಯ ಆಸೆ ಇನ್ನೊಂದು ಕಡೆ.

ನಾನು ಇನ್ನೊಂದು ಸುತ್ತಿನ ಕಷಾಯ ಹಿಡಿದು ಹೋದಾಗ ಅಲ್ಲಿ ಕೆಲಸವೇ ಶುರುವಾಗಿರಲಿಲ್ಲ. ಪಳನಿ ವಿಂಚಿನ ಹಿಡಿಕೆ ಹಿಡಿದು, ಬೆಳಿಗ್ಗೆಯಿಂದ ಒಂದು ಬೈಗುಳವೂ ಬೀಳದೆ, ಬಾಡಿದ ಸೊಪ್ಪಿನಂತೆ ನಿಂತಿದ್ದ. ಹೂವಪ್ಪ ಒಂದು ಕಡೆಯ ಹಗ್ಗ ಹಿಡಿದು ಆಕಾಶ ನೋಡುತ್ತಿದ್ದ. ಸ್ಟ್ಯಾಂಡಿನ ಮೇಲೆ ತಿಮ್ಮಪ್ಪ ಬೀಡಿ ಹಚ್ಚಿದ್ದ. ಇನ್ನೊಂದು ಕಡೆಯ ಹಗ್ಗ ಹಿಡಿದಿದ್ದ ಕುಟ್ಟಿ ಮಾತ್ರ ಎಂದಿನಂತೆಯೇ ಇದ್ದ. ಭಾವನವರ ಗಂಟಲು ಹೋಗಿದೆ ಎನ್ನುವುದೇ ಅವನಿಗೆ ಗೊತ್ತಾಗಿರಲಿಲ್ಲ!

ಆಫೀಸರು ಚೀಟಿಯ ಕಟ್ಟು ಚಾಚಿದರು. "ಸಿಂಪಲ್! ಬಾಯಿಲ್ಲದೇ ಇದ್ರೆ ಏನಾಯ್ತು? ಬರೆದು ಕೊಡಿ."

ಭಾವನವರು ತಲೆಯಲ್ಲಾಡಿಸಿದರು. ಚೀಟಿಗಳ ಗತಿ ಹಿಂದಿನ ಸಲವೇ ನೋಡಿದ್ದಾಯಿತಲ್ಲ! ಸುತ್ತ ಒಮ್ಮೆ ನೋಡಿದರು. ಅವರ ಕಣ್ಣು ಬಂದು ನಿಂತದ್ದು ನನ್ನ ಮೇಲೆ. ನನ್ನ ಕಡೆ ಬೆರಳು ತೋರಿಸಿದರು, ಆಮೇಲೆ ಹೂವಪ್ಪನ ಕಡೆ. ಎರಡೂ ಕೈ ತಲೆಯ ಮೇಲಿಟ್ಟು ಕೊಂಬು ಮಾಡಿದರು.

ಎಮ್ಮೆ! ನನಗೆ ಥಟ್ಟನೆ ಅರ್ಥವಾಯಿತು. ಬೇಲಿಯ ಪಕ್ಕದ ಹೆಂಗಸರಿಗೆ ಏನರ್ಥವಾಯಿತೋ, ದೇವರೇ ಬಲ್ಲ. ಭಾವನ ಎದುರಿಗೇ ನಿಲ್ಲದವಳು ಗಂಡಸರ ಗುಂಪಿನ ನಡುವೆ ನಿಂತು ಮಾತಾಡುವುದೇ? ಆದರೆ ತಟ್ಟೆಯ ಅಂಚಿನ ಆ ಅಗುಳು ನೆನಪಾಯಿತು. ಸೆರಗು ಸಿಕ್ಕಿಸಿಕೊಂಡು ಹೋದೆ.

"ಹೂವಪ್ಪನವರೇ, ಎಮ್ಮೆ ಹೇಗಿದೆ?"

"ಗಬ್ಬ ಐತೆ ಅಮ್ಮಾ!" ಅವನ ಮುಖ ಅರಳಿತು. "ಯಾರೂ ಕೇಳ್ನಿಲ್ಲ ನೋಡಿ ಬೆಳಿಗ್ಗಿಂದ."

ಅವ್ವನ ಕಾಲುನೋವು ಕೇಳಿದೆ. ಸಸಿ ಕೇಳಿದೆ. ಆಫೀಸರು ಗಡಿಯಾರ ನೋಡಿಕೊಂಡರು. ನಾನು ಉಸಿರು ಎಳೆದುಕೊಂಡು, "ನಿಮಗೆ ಹೇಗೆ ಅನ್ನಿಸುತ್ತೆ? ಟ್ಯಾಂಕು ಏಳುವಾಗ ಈ ಹಗ್ಗ ಸ್ವಲ್ಪ ಬಿಗಿ ಇದ್ದರೆ ಒಳ್ಳೆಯದಾ?" ಎಂದೆ.

"ಅದೇ ಹೇಳಾನ ಅಂತಿದ್ದೆ ಅಮ್ಮಾ, ಯಾರಾರೂ ಕೇಳ್ಲಿ ಅಂತ!" ಹಗ್ಗ ಬಿಗಿಯಾಯಿತು. ಆ ಕಡೆ ಭಾವನವರು ಬೆರಳೆತ್ತಿದರು. ಕುಟ್ಟಿಯ ಹಗ್ಗವೂ ಬಿಗಿಯಾಯಿತು.

ಇನ್ನು ಪಳನಿ. ಭಾವನವರು ನನ್ನನ್ನು ನೋಡಿ ಹಲ್ಲು ಕಡಿದರು, ಕಣ್ಣು ಕೆಕ್ಕರಿಸಿದರು, ಗಾಳಿಯಲ್ಲಿ ಮುಷ್ಟಿ ಬೀಸಿದರು. ಅರ್ಥವೇನೋ ಸ್ಪಷ್ಟ. ಆದರೆ ಬೈಗುಳವನ್ನು ತರುವುದೆಲ್ಲಿಂದ? ನನಗೆ ಗೊತ್ತಿದ್ದ ಅತ್ಯಂತ ಕೆಟ್ಟ ಮಾತೆಂದರೆ "ಅಶಿಸ್ತು"!

"ಪಳನಿಯವರೇ, ನೀವು ಹೀಗೆ ನಿಂತಿರುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ದಯವಿಟ್ಟು ಸ್ವಲ್ಪ ತಿರುಗಿಸುತ್ತೀರಾ?"

ಪಳನಿ ಅಳಲು ಶುರುಮಾಡಿದ. "ಐಯ್ಯೋ ಅಮ್ಮಾ, ನೀವು ಕೂಡಾನಾ? ನಾನು ಏನು ತಪ್ಪು ಮಾಡಿದೆ?"

ಅಳುತ್ತಲೇ ತಿರುಗಿಸತೊಡಗಿದ. ಟ್ಯಾಂಕು ನೆಲ ಬಿಟ್ಟಿತು. ಆಳುದ್ದ ಎದ್ದಿತು. ಅಷ್ಟರಲ್ಲಿ ಅವನಿಗೆ ಇನ್ನೊಂದು ಅಳು ಉಕ್ಕಿ ಬಂದು, ಕಣ್ಣೊರೆಸಲು ಒಂದು ಕೈ ತೆಗೆದೇಬಿಟ್ಟ. ಟ್ಯಾಂಕು ಗಕ್ಕನೆ ಅರ್ಧ ಅಡಿ ಜಾರಿ, ಓಲಾಡಿ, ಗುಂಯ್ ಎಂದಿತು. ಬೇಲಿಯ ಪಕ್ಕದಿಂದ ಹೆಂಗಸರೆಲ್ಲ ಒಟ್ಟಿಗೆ ಕಿರುಚಿದರು. ಭಾವನವರು ಬಾಯಿ ಅಗಲಿಸಿ, ಕತ್ತಿನ ನರ ಉಬ್ಬಿಸಿ, ಇಡೀ ಮೈಯಿಂದ ಕೂಗುತ್ತಿದ್ದಾರೆ. ಒಂದೇ ಒಂದು ಸದ್ದಿಲ್ಲ! ಅವರ ಮುಖ ನೋಡಿ ನನಗೆ ಏನಾಯಿತೋ ಕಾಣೆ.

ಹಾಸ್ಟೆಲಿನಲ್ಲಿ ನಮಗೊಬ್ಬರು ಮದರ್ ಇದ್ದರು. ಅವರು ಮೆಟ್ಟಿಲಿಳಿಯುವ ಸದ್ದಿಗೇ ನಾವು ಜಡೆ ಸರಿಮಾಡಿಕೊಳ್ಳುತ್ತಿದ್ದೆವು. ಆ ಕ್ಷಣ ಅವರು ನನ್ನ ಮೈಮೇಲೆ ಬಂದರು, ಅಷ್ಟೇ!

"ಪಳನೀ! ಸ್ಟ್ಯಾಂಡ್ ಸ್ಟ್ರೈಟ್! ಯೂ ಗುಡ್ ಫಾರ್ ನಥಿಂಗ್ ಬಾಯ್! ಡು ಯೂ ಕಾಲ್ ದಿಸ್ ವರ್ಕ್? ಶೇಮ್! ಶೇಮ್ ಆನ್ ಯೂ!"

ಮದರ್ ಹೇಳಿಕೊಟ್ಟದ್ದಷ್ಟೂ ಮುಗಿದ ಮೇಲೆ ಕನ್ನಡವೂ ತಾನಾಗಿ ಬಂತು. "ಕತ್ತೆ! ಕೋಣ! ಒಡೆದ ಮಡಕೆ! ಹಿಡಿಕೆ ಬಿಟ್ಟೆಯೋ, ಇವತ್ತು ನಿನಗೆ ಊಟ ಇಲ್ಲ!"

ಪಳನಿಯ ಬೆನ್ನು ಬಾಣದಂತೆ ನೆಟ್ಟಗಾಯಿತು. ಕಣ್ಣಲ್ಲಿ ದೀಪ ಹತ್ತಿತು. ವಿಂಚು ಗರಗರನೆ ತಿರುಗಿತು, ಟ್ಯಾಂಕು ದೇವರ ಪಲ್ಲಕ್ಕಿಯ ಹಾಗೆ ಮೇಲೇರಿತು. ಇನ್ನೊಂದು ಕಡೆ ನೋಡುತ್ತೇನೆ, ಆಫೀಸರೂ ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಂತಿದ್ದಾರೆ! ಅವರೂ ಯಾವುದೋ ಕಾನ್ವೆಂಟಿನಲ್ಲೇ ಓದಿರಬೇಕು!

"ಸಾರ್ ಕನ್ನಡದಲ್ಲಿ ಮಾತ್ರ ಬೈತಾರೆ. ಅಮ್ಮ ಇಂಗ್ಲಿಷ್‌ನಲ್ಲೇ ಬೈದ್ರು!" ಎಂದು ಪಳನಿ ಕುಟ್ಟಿಗೆ ಹೆಮ್ಮೆಯಿಂದ ಹೇಳಿದ. ಕುಟ್ಟಿ ಒಂದು ಬೆರಳೆತ್ತಿ ಒಪ್ಪಿಕೊಂಡ.

ಈಗ ಉಳಿದವನು ತಿಮ್ಮಪ್ಪ. ಟ್ಯಾಂಕು ಅವನ ಎದೆಯ ಮಟ್ಟಕ್ಕೆ ಬಂದು ತೂಗುತ್ತಿತ್ತು. ಅದನ್ನು ಎರಡು ಗೇಣು ಬಲಕ್ಕೆ ತಳ್ಳಿ ಇಳಿಸಬೇಕು. ಇವನು ಬೀಡಿ ಎಳೆಯುತ್ತ ಎಡಗಡೆಗೇ ನೋಡುತ್ತಿದ್ದ. ಲೈಟು ಕಂಬಕ್ಕೆ ಮಾತಾಡುವಷ್ಟು ಧೈರ್ಯ ನನಗಿನ್ನೂ ಬಂದಿರಲಿಲ್ಲ. ಬೇಲಿಯ ಕಡೆ ತಿರುಗಿ, ಅವನಿಗೆ ಕೇಳಿಸುವಂತೆ ಕೂಗಿದೆ. "ನೋಡಿದ್ರಾ ರುಕ್ಮಿಣಮ್ಮ? ಅದನ್ನ ಎರಡು ಗೇಣು ಬಲಕ್ಕೆ ಕೂರಿಸಬೇಕಂತೆ. ಇಲ್ಲಿ ಯಾರಿಗೂ ಆಗೋದಿಲ್ಲವಂತೆ. ಶಿವಮೊಗ್ಗದಿಂದಲೇ ಜನ ಬರಬೇಕಂತೆ, ಪಾಪ!"

ರುಕ್ಮಿಣಮ್ಮನೂ ತೀರ್ಥಹಳ್ಳಿಯವರೇ. ಅವರಿಗೆ ಇನ್ನೇನು ಹೇಳಿಕೊಡಬೇಕು? "ಹೌದು ಮಾರಾಯ್ತಿ! ನಮ್ಮೂರೋರಿಗೆ ಇದೆಲ್ಲ ಎಲ್ಲಿ ಬರ್ತದೆ? ತುಂಗೆ ನೀರು ಕುಡ್ದು ಕೂರೋದು ಬರ್ತದೆ ಅಷ್ಟೇ!"

ಮೇಲಿನಿಂದ ಬೀಡಿ ಬಿತ್ತು. "ಎಂತ? ಶಿವಮೊಗ್ಗದಿಂದ್ಲಾ? ನಾನೆಂತ ಇಲ್ಲಿ ಗೊಂಬೆ ಕುಣ್ಸೋಕೆ ಹತ್ತಿದೀನಾ?"

ಭುಜ ಕೊಟ್ಟ, ತಳ್ಳಿದ, "ಇಳ್ಸೋ ಪಳನಿ!" ಎಂದು ಗುಡುಗಿದ. ಟ್ಯಾಂಕು ಧಪ್ಪನೆ ತನ್ನ ಜಾಗದಲ್ಲಿ ಕೂತಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಆಫೀಸರು ಚೀಟಿಯ ಕಟ್ಟನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದರು. ಟ್ಯಾಂಕು ಕೂತಿತು ನಿಜ. ಆದರೆ ಎಲ್ಲವೂ ಬರವಣಿಗೆಯಲ್ಲೇ ಆಗಬೇಕೆಂಬ ಅವರ ಮಾತು? ಅದು ಎಲ್ಲಿ ಕೂರಬೇಕು? ಭಾವನವರು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಬೆಳಿಗ್ಗೆಯಿಂದ ಒಂದಕ್ಷರ ಬರೆಯದಿದ್ದವರು, ಕಲ್ಲುಕಂಬದ ಮೇಲೆ ದುಂಡಗೆ ಬರೆದರು: "ಎಲ್ಲವೂ ತಾವು ಹೇಳಿದ ಕ್ರಮದಲ್ಲೇ ಆಯಿತು, ಸಾರ್."

ಆಫೀಸರು ಕನ್ನಡಕ ಸರಿಮಾಡಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮುಖ ಮೊರದಗಲವಾಯಿತು. "ನಾನು ಹೇಳಿರ್ಲಿಲ್ವಾ? ಕ್ರಮ ಅಂತ ಒಂದಿದ್ರೆ ಎಲ್ಲಾ ಸಲೀಸು! ಗ್ಯಾಂಗ್ ಹೀಗೇ ಇರ್ಲಿ, ಫೋರ್‌ಮನ್. ಒಡೆಯೋದು ಬೇಡ." ಕಣ್ಣೆದುರೇ ನಡೆದದ್ದಕ್ಕಿಂತ ಬರೆದದ್ದೇ ಅವರಿಗೆ ಸತ್ಯ! ಐದನೆಯ ನಾಲಿಗೆ ಯಾವುದೆಂದು ಆಗ ನನಗೆ ತಿಳಿಯಿತು.

ಪಳನಿ ಟವೆಲು ಕೊಡವಿ ಕುಣಿದ. ಭಾವನವರು ಒಬ್ಬೊಬ್ಬರ ಹತ್ತಿರ ಹೋಗಿ, ಒಬ್ಬನಿಗೆ ಬೆನ್ನಿಗೊಂದು ಗುದ್ದು, ಒಬ್ಬನಿಗೆ ಬೆರಳು, ಒಬ್ಬನ ಎದುರಿಗೆ ಎಮ್ಮೆಯ ಕೊಂಬು. ತಿಮ್ಮಪ್ಪನ ಪಕ್ಕದಲ್ಲಿದ್ದ ಲೈಟು ಕಂಬವನ್ನು ಮಾತ್ರ ತಬ್ಬಿಕೊಂಡರು.

ಸಂಜೆ ನಮ್ಮವರು ಬಂದರು. ಕಥೆ ಕೇಳಿ, "ನೀನು? ಕತ್ತೆ ಅಂದ್ಯಾ? ನೀನು?" ಎಂದು ಕೇಳಿದ್ದನ್ನೇ ಕೇಳಿದರು. ಭಾವನವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಮಫ್ಲರಿನೊಳಗೇ ನಿದ್ದೆ ಹೋದರು. ನಾನು ಹಿತ್ತಿಲ ಬಾಗಿಲಿಗೆ ಬಂದಾಗ ರುಕ್ಮಿಣಮ್ಮ ಹೆಪ್ಪು ಕೇಳಲು ಬಟ್ಟಲು ಹಿಡಿದು ನಿಂತಿದ್ದರು.

"ಹೆಂಗಿದಾರೆ? ಗಂಟ್ಲು ಬಿಡ್ತಾ?"

"ಇನ್ನೂ ಇಲ್ಲ. ಆದರೆ ಮನೆಯಲ್ಲಿ ನನಗೇನೂ ವ್ಯತ್ಯಾಸವೇ ಕಾಣೋದಿಲ್ಲ, ರುಕ್ಮಿಣಮ್ಮ. ಹೊರಗೆ ಏನೇ ಇರಲಿ, ಮನೆಯೊಳಗೆ ಅವರದು ಹುಟ್ಟಾ ಮೆಲುಮಾತು."

"ಹುಟ್ಟಾ ಮೆಲುಮಾತಾ?" ರುಕ್ಮಿಣಮ್ಮ ಬಟ್ಟಲು ಕೆಳಗಿಟ್ಟು ನಕ್ಕರು. "ಚೆನ್ನಾಗಿ ಹೇಳಿದ್ರಿ! ನೀವು ಬರೋಕೆ ಮುಂಚೆ ಅವ್ರು ಆ ಮನೇಲಿ ನೀರು ಕೇಳಿದ್ರೆ ನಾವು ಈ ಮನೇಲಿ ಲೋಟ ತುಂಬ್ತಿದ್ವಿ! ತಮ್ಮನ ಮದ್ವೆ ಗೊತ್ತಾದ್ಮೇಲೆ ಒಂದು ವಾರ ನಮ್ಮ ಹಿತ್ಲಿಗೆ ಬಂದು ಕರಿಬೇವಿನ ಗಿಡದ ಮುಂದೆ ನಿಂತು, ‘ಬಾ ತಾಯಿ, ಒಳಗೆ ಬಾ’, ‘ಬಾ ತಾಯಿ, ಒಳಗೆ ಬಾ’ ಅಂತ ಮೆಲ್ಲಗೆ ಹೇಳಿ ಹೇಳಿ ನೋಡ್ತಿದ್ರು. ಅಮ್ಮ ಇಲ್ದೆ ಬೆಳ್ದ ಹುಡ್ಗಿ, ನನ್ನ ಗಂಟ್ಲಿಗೆ ಬಾಗ್ಲಲ್ಲೇ ಹೆದ್ರಿಬಿಡ್ತದೆ ಅಂತ. ಹ್ಞಾಂ, ಆ ಹೆಪ್ಪು ಕೊಡಿ ಮಾರಾಯ್ತಿ, ಹಾಲು ಆರಿ ಹೋಗ್ತದೆ."